ಮೆಂಟಲ್ ಮಾಡೆಲ್ ಕಲಿಯೋಕೆ ಯಾವ ದಾರಿ? ಕಾರ್ಡು, ಗಾದೆ, ಚೆಕ್‌ಲಿಸ್ಟು, ನೋಟ್‌ಬುಕ್ಕು

ಬೋರ್ ಕೊರೆಯುವ ಲಾರಿಯ ಪಕ್ಕ ಯಾವತ್ತಾದರೂ ನಿಂತಿದ್ದೀರಾ? ಅಲ್ಲಿ ನಿಂತು ಯೋಚನೆ ಮಾಡೋಕೆ ಆಗಲ್ಲ. ಕಂಪ್ರೆಸರ್ ಸದ್ದಿಗೆ ಪಕ್ಕದವರ ಮಾತೇ ಕೇಳಿಸುವುದಿಲ್ಲ. ಮೈಮೇಲೆಲ್ಲ ಬೂದಿ ಬಣ್ಣದ ಕಲ್ಲುಪುಡಿ. 20 ಅಡಿಗೊಮ್ಮೆ ಹುಡುಗರು ಇನ್ನೊಂದು ರಾಡು ಜೋಡಿಸುತ್ತಾರೆ, ಏಜೆಂಟು ದೂರದಿಂದಲೇ ಬೆರಳೆತ್ತಿ ಲೆಕ್ಕ ತೋರಿಸುತ್ತಾನೆ, ಆಳ ಜಾಸ್ತಿಯಾದಂತೆ ಅಡಿಯ ರೇಟೂ ಏರುತ್ತಾ ಹೋಗುತ್ತದೆ. ಮೂರು ವರ್ಷದ ಹಿಂದೆ ಸಿರಾ ಕಡೆಯ ನಮ್ಮ ತೋಟದಲ್ಲಿ 600 ಅಡಿ ಇಳಿದರೂ ಬರೀ ಧೂಳು. ಅಪ್ಪ ನನ್ನ ಮುಖ ನೋಡಿದರು. "ಏನಪ್ಪಾ, ನಿಲ್ಲಿಸಿಬಿಡೋದಾ?"

ನಾನು ಹೇಳಿದ್ದು ಇದು: "ಇಷ್ಟು ದುಡ್ಡು ಹಾಕಿದ್ದೀವಲ್ಲಪ್ಪ, ಇನ್ನೊಂದು ನೂರಡಿ ನೋಡೇಬಿಡೋಣ."

ಆ ನೂರಡಿ ಮೂರು ಸಲ ಆಯಿತು. 900 ಅಡಿಗೆ ನಿಲ್ಲಿಸಿದೆವು. ಆಗಲೂ ಧೂಳೇ.

ತಮಾಷೆ ಏನೆಂದರೆ, ಅವತ್ತು ಬೆಳಗ್ಗೆ ಊರಿಗೆ ಬರುವಾಗ ಬಸ್ಸಿನಲ್ಲಿ ಕೂತು ಫೋನಿನ ಆ್ಯಪ್‌ನಲ್ಲಿ ನಾನು ಪ್ರಶ್ನೆ-ಉತ್ತರದ ಕಾರ್ಡು ತಿರುವುತ್ತಿದ್ದೆ. ಅದರಲ್ಲೊಂದು ಕಾರ್ಡು "ಸಂಕ್ ಕಾಸ್ಟ್ ಎಂದರೇನು?" ಉತ್ತರ ಪಟ್ಟಂತ ಹೇಳಿದ್ದೆ: ಆಗಲೇ ಹೋದ, ವಾಪಸ್ ಬಾರದ ದುಡ್ಡನ್ನು ಮುಂದಿನ ನಿರ್ಧಾರದ ಲೆಕ್ಕಕ್ಕೆ ಸೇರಿಸಬಾರದು. ಆ್ಯಪ್ ಆ ಕಾರ್ಡನ್ನು ಇನ್ನು ನಾಲ್ಕು ತಿಂಗಳು ತೋರಿಸುವ ಅಗತ್ಯವಿಲ್ಲ ಎಂದು ಮುಂದಕ್ಕೆ ಹಾಕಿತ್ತು. ನಾನು ಅಷ್ಟು ಚೆನ್ನಾಗಿ ಕಲಿತಿದ್ದೆ! ಪುಸ್ತಕದ ಬದನೆಕಾಯಿ ಸಾರಿಗೆ ಬರಲಿಲ್ಲ, ಅಷ್ಟೇ.

ಅಲ್ಲಿಂದ ಈಚೆಗೆ ಮೆಂಟಲ್ ಮಾಡೆಲ್ ಕಲಿಯುವ ಹೆಚ್ಚುಕಡಿಮೆ ಎಲ್ಲ ದಾರಿಗಳನ್ನೂ ಮಾಡಿ ನೋಡಿದ್ದೇನೆ. ಮೆಂಟಲ್ ಮಾಡೆಲ್ ಅಂದರೆ ದೊಡ್ಡದೇನಲ್ಲ. ಒಂದು ಕಡೆ ಕಲಿತು ಹತ್ತು ಕಡೆ ಬಳಸಬಹುದಾದ ಯೋಚನೆಯ ಅಚ್ಚು. ಚಕ್ರಬಡ್ಡಿ, ಅವಕಾಶದ ಬೆಲೆ (ಒಂದನ್ನು ಆರಿಸಿಕೊಂಡಾಗ ಕೈಬಿಟ್ಟ ಇನ್ನೊಂದರ ಬೆಲೆ), ತಲೆಕೆಳಗು ಮಾಡಿ ಯೋಚಿಸುವುದು (ಹೇಗೆ ಗೆಲ್ಲೋದು ಅನ್ನುವ ಬದಲು ಹೇಗೆ ಸೋಲ್ತೀವಿ ಅಂತ ಕೇಳುವುದು), ಈ ಥರದ್ದು. ಯಾವ ದಾರಿ ಯಾರಿಗೆ ಸರಿ, ಎಲ್ಲಿ ಕೈಕೊಡುತ್ತದೆ, ನನಗೆ ಅನ್ನಿಸಿದ್ದನ್ನು ಹೇಳುತ್ತೇನೆ.

ಮೊದಲು ನಿಮ್ಮ ಕಾಯಿಲೆ ಯಾವುದು ನೋಡಿಕೊಳ್ಳಿ

"ಯಾವ ವಿಧಾನ ಬೆಸ್ಟ್?" ಅಂತ ಕೇಳಿದರೆ ಉತ್ತರ ಇಲ್ಲ. ಕೆಮ್ಮಿಗೆ ಕೊಡುವ ಔಷಧಿ ಹೊಟ್ಟೆನೋವಿಗೆ ಆಗಲ್ಲ ಅಲ್ವಾ? ಕಲಿತದ್ದು ಕೆಲಸಕ್ಕೆ ಬಾರದೆ ಹೋಗುವುದು ಮೂರು ಥರ.

ಒಂದು, ಸುಮ್ನೆ ಮರೆವು. ಓದಿದಿರಿ, ಹದಿನೈದು ದಿನ ಆಯಿತು, ಏನೂ ನೆನಪಿಲ್ಲ. ಯಾರಾದರೂ ಕೇಳಿದರೂ ಹೇಳೋಕೆ ಬರಲ್ಲ.

ಎರಡು, ಇದಕ್ಕೆ ನಾನು ಕರ್ಣನ ಶಾಪ ಅನ್ನುತ್ತೇನೆ. ಪರಶುರಾಮರ ಹತ್ತಿರ ಕಲಿತದ್ದೆಲ್ಲ ಅವನಿಗೆ ಬರುತ್ತಿತ್ತು. ನಿಜವಾಗಿ ಬೇಕಾದ ಹೊತ್ತಿಗೆ ಮಾತ್ರ ಹೊಳೆಯಲಿಲ್ಲ. ಪರೀಕ್ಷೆಯಲ್ಲಿ ಕೇಳಿದರೆ ಬರೆಯುತ್ತೀರಿ, ಆದರೆ ಜೀವನದಲ್ಲಿ ಯಾರೂ "ಈಗ ಸಂಕ್ ಕಾಸ್ಟ್ ಬಗ್ಗೆ ಐದು ಅಂಕದ ಪ್ರಶ್ನೆ" ಅಂತ ಕೇಳುವುದಿಲ್ಲ. ಬೋರ್ ಲಾರಿ ಬಂದು ನಿಲ್ಲುತ್ತದೆ, ಅಷ್ಟೇ.

ಮೂರು, ದುರ್ಯೋಧನನದು. ಧರ್ಮ ಯಾವುದು ಅಂತ ಗೊತ್ತು, ಆದರೆ ಅದರ ಕಡೆ ಮನಸ್ಸು ಹೋಗಲ್ಲ ಅಂತ ಅವನ ಬಾಯಲ್ಲಿ ಹೇಳಿಸುವ ಶ್ಲೋಕ ಇದೆಯಲ್ಲ, ಅದೇ. ಮಾಡೆಲ್ ಸರಿಯಾದ ಹೊತ್ತಿಗೆ ನೆನಪಾಗುತ್ತದೆ, ಆದರೂ ನಾಚಿಕೆಗೋ ಆಸೆಗೋ ನಾವು ಉಲ್ಟಾ ಮಾಡುತ್ತೇವೆ.

ಬಹಳ ಜನ ತಮ್ಮದು ಮೊದಲನೆಯದು ಅಂದುಕೊಂಡಿರುತ್ತಾರೆ, ಅದಕ್ಕೇ ಇನ್ನಷ್ಟು ಓದುತ್ತಾರೆ. ನನ್ನ ಲೆಕ್ಕದಲ್ಲಿ ಓದುವ ಅಭ್ಯಾಸ ಇರುವವರ ಗೋಳು ಎರಡನೆಯದು. ನನ್ನದಂತೂ ಅದೇ.

ಪಟ್ಟಿ ಓದುವುದು

ಬೇಗ ಮುಗಿಸಿಬಿಡೋಣ. ಹೆಸರಾಂತ ಹೂಡಿಕೆದಾರ ಚಾರ್ಲಿ ಮಂಗರ್ 1994ರಲ್ಲಿ ಅಮೆರಿಕದ ಒಂದು ಬಿಸಿನೆಸ್ ಸ್ಕೂಲಿನಲ್ಲಿ ಮಾತಾಡುತ್ತಾ, 80-90 ಮುಖ್ಯ ಮಾಡೆಲ್ ಗೊತ್ತಿದ್ದರೆ ಲೋಕಜ್ಞಾನದ ಬಹುಪಾಲು ಹೊರೆ ಅವೇ ಹೊರುತ್ತವೆ ಅನ್ನುವ ಅರ್ಥದ ಮಾತು ಹೇಳಿದರು. ಜನ ಆ ಸಂಖ್ಯೆಯನ್ನು ಮಾತ್ರ ಹಿಡಿದುಕೊಂಡರು. ಈಗ ಎಲ್ಲಿ ನೋಡಿದರೂ ನೂರು ಮಾಡೆಲ್ಲಿನ ಪಟ್ಟಿ. ಓದುವಾಗ ಖುಷಿಯಾಗುತ್ತದೆ, ಬುದ್ಧಿವಂತರಾದ ಹಾಗೆ ಅನ್ನಿಸುತ್ತದೆ. ಯಾವ ಮಾಡೆಲ್ ಕಲಿಯಬೇಕು ಅಂತ ಆರಿಸಿಕೊಳ್ಳೋಕೆ ಪಟ್ಟಿ ಸಾಕು. ಕಲಿಯೋಕೆ ಸಾಲದು. ಮಂಗರ್ ಅದೇ ಮಾತಿನಲ್ಲಿ ಬಿಡಿಬಿಡಿಯಾಗಿ ನೆನಪಿಟ್ಟುಕೊಂಡರೆ ಉಪಯೋಗವಿಲ್ಲ, ಒಂದಕ್ಕೊಂದು ಹೆಣೆದಿರಬೇಕು, ಸ್ವಂತ ಅನುಭವವನ್ನು ಅದಕ್ಕೆ ತೂಗುಹಾಕಬೇಕು ಅಂತಲೂ ಹೇಳಿದ್ದರು. ಆ ಭಾಗ ಯಾರಿಗೂ ಬೇಕಿಲ್ಲ.

ಕಾರ್ಡು: ಮರೆವಿಗೆ ಮದ್ದು, ಶಾಪಕ್ಕಲ್ಲ (ಬರೀ ಹೆಸರು-ಅರ್ಥ ಬರೆದರೆ)

ಕಾರ್ಡಿನ ಮುಂದೆ ಪ್ರಶ್ನೆ, ಹಿಂದೆ ಉತ್ತರ. ನೆನಪಿದ್ದರೆ ಜಾಸ್ತಿ ದಿನ ಬಿಟ್ಟು ಮತ್ತೆ ನೋಡುವುದು, ಮರೆತರೆ ನಾಳೆಯೇ. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಇದನ್ನು ರಟ್ಟಿನ ಡಬ್ಬಿಯ ಖಾನೆಗಳಲ್ಲಿ ಮಾಡುವುದನ್ನು ತೋರಿಸಿಕೊಟ್ಟರು. ಈಗ ಆಂಕಿ ಅನ್ನುವ ಆ್ಯಪ್ ಆ ಲೆಕ್ಕವನ್ನು ತಾನೇ ಇಡುತ್ತದೆ. ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್ ಫೋನಿನಲ್ಲೂ ಉಚಿತ, ಐಫೋನಿಗೆ ದುಡ್ಡು ಕೊಡಬೇಕು. ದುಡ್ಡೂ ಬೇಡ, ಫೋನೂ ಬೇಡ ಅನ್ನುವವರಿಗೆ ಮದುವೆ ಪತ್ರಿಕೆಯ ಹಿಂಬದಿ ಕತ್ತರಿಸಿದರೆ ಒಳ್ಳೆಯ ಗಟ್ಟಿ ಕಾರ್ಡಾಗುತ್ತದೆ. ನಾನು ಮಾಡಿದ್ದೇನೆ.

ಇದು ಕೆಲಸ ಮಾಡುತ್ತದೆ ಅನ್ನುವುದರಲ್ಲಿ ಅನುಮಾನ ಬೇಡ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಃಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಒಂದು ಗುಂಪು ಪಾಠವನ್ನು ಎರಡು ಸಲ ಓದಿತು, ಇನ್ನೊಂದು ಗುಂಪು ಒಮ್ಮೆ ಓದಿ, ಆಮೇಲೆ ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ಅವರಿಗೆ ಉಳಿದದ್ದು ಶೇ. 42, ನೆನಪು ಮಾಡಿಕೊಂಡು ಬರೆದವರಿಗೆ ಶೇ. 56. ನಮ್ಮ ಶಾಲೆಯಲ್ಲಿ ಮಗ್ಗಿ ಒಪ್ಪಿಸುವುದು ಇದ್ದದ್ದು ಸುಮ್ನೆ ಅಲ್ಲ.

ಆದರೆ ಮಗ್ಗಿಗೂ ಮಾಡೆಲ್ಲಿಗೂ ಒಂದು ವ್ಯತ್ಯಾಸ ಇದೆ. ಏಳೆಂಟಲ ಎಷ್ಟು ಅನ್ನುವ ಪ್ರಶ್ನೆ ಅಂಗಡಿಯಲ್ಲೂ ಅದೇ ರೂಪದಲ್ಲಿ ಬರುತ್ತದೆ. ಮಾಡೆಲ್ಲಿನ ಪ್ರಶ್ನೆ ಬರುವುದು ವೇಷ ಹಾಕಿಕೊಂಡು. "ಸಂಕ್ ಕಾಸ್ಟ್ ಎಂದರೇನು?" ಅನ್ನುವ ಕಾರ್ಡು ಬರೆದರೆ ನೀವು ಕಲಿಯುವುದು ಹೆಸರಿನಿಂದ ಅರ್ಥಕ್ಕೆ ಹೋಗುವ ದಾರಿ. ಬೇಕಾಗಿರುವುದು ಸಂದರ್ಭದಿಂದ ಹೆಸರಿಗೆ ಬರುವ ದಾರಿ. ಊರಿಂದ ಬೆಂಗಳೂರಿಗೆ ದಾರಿ ಗೊತ್ತು ಅಂದ ಮಾತ್ರಕ್ಕೆ ರಾತ್ರಿ ಮಳೆಯಲ್ಲಿ ಬೆಂಗಳೂರಿಂದ ಊರಿಗೆ ಬಂದುಬಿಡಬಹುದು ಅಂತಲ್ಲವಲ್ಲ.

ಹಾಗಾಗಿ ಈಗ ನನ್ನ ಕಾರ್ಡುಗಳು ಈ ಥರ ಇವೆ. ಮುಂದೆ:

"ಚೀಟಿ ಹಾಕಿ ಎಂಟು ತಿಂಗಳಾಯ್ತು. ನಡೆಸುವವನ ಮೇಲೆ ಅನುಮಾನ ಶುರುವಾಗಿದೆ. ತಂಗಿ ಅಂತಾಳೆ, 'ಇಷ್ಟು ತಿಂಗಳು ಕಟ್ಟಿದ್ದೀನಲ್ಲಣ್ಣ, ಈಗ ಹೇಗೆ ಬಿಡಲಿ?' ಅವಳಿಗೆ ಮೊದಲು ಕೇಳಬೇಕಾದ ಪ್ರಶ್ನೆ ಯಾವುದು?"

ಹಿಂದೆ: "ಇಲ್ಲಿಯವರೆಗೆ ಒಂದು ರೂಪಾಯಿಯೂ ಕಟ್ಟಿಲ್ಲ ಅಂದುಕೋ. ಇವತ್ತು ಹೊಸದಾಗಿ ಇವನ ಹತ್ತಿರ ಸೇರುತ್ತಿದ್ದೆಯಾ?"

ಮಾಡೆಲ್ಲಿನ ಹೆಸರು ಕಾರ್ಡಿನ ಮುಂದೆ ಎಲ್ಲೂ ಇಲ್ಲ, ನೋಡಿ. ಅದನ್ನು ನೀವೇ ಹುಡುಕಬೇಕು. ಒಂದು ಮಾಡೆಲ್ಲಿಗೆ ಇಂಥ ನಾಲ್ಕೈದು ಸಂದರ್ಭ ಬೇಕು. ಒಂದೇ ಇದ್ದರೆ ಮೂರನೇ ಸಲಕ್ಕೆ "ಚೀಟಿ" ಅನ್ನುವ ಪದ ಕಂಡ ಕೂಡಲೇ ಉತ್ತರ ಬಾಯಿಗೆ ಬರುತ್ತದೆ, ಯೋಚನೆ ನಡೆಯುವುದೇ ಇಲ್ಲ. ಎಲ್ಲ ಮಾಡೆಲ್ಲಿನ ಕಾರ್ಡುಗಳನ್ನೂ ಒಂದೇ ರಾಶಿಯಲ್ಲಿ ಕಲಸಿ. ಹೈಸ್ಕೂಲು ಗಣಿತದಲ್ಲಿ ಅಧ್ಯಾಯದ ಕೊನೆಯ ಲೆಕ್ಕಗಳು ಯಾಕೆ ಸುಲಭ ಅನ್ನಿಸುತ್ತಿದ್ದವು? ಯಾವ ಸೂತ್ರ ಹಾಕಬೇಕು ಅಂತ ಅಧ್ಯಾಯದ ಹೆಸರೇ ಹೇಳಿಬಿಡುತ್ತಿತ್ತು. ಪಬ್ಲಿಕ್ ಪರೀಕ್ಷೆಯಲ್ಲಿ ಆ ಹೆಸರು ಇರುತ್ತಿರಲಿಲ್ಲ, ಅಲ್ಲೇ ಎಲ್ಲರೂ ಮುಗ್ಗರಿಸುತ್ತಿದ್ದದ್ದು.

ದಿನಕ್ಕೆ ಹತ್ತು ನಿಮಿಷ ಸಾಕು. ಬಸ್ಸಿನಲ್ಲಿ, ಕ್ಯೂನಲ್ಲಿ ಮುಗಿಯುತ್ತದೆ. ಒಂದು ತೊಂದರೆ, ಇಂಥ ಕಾರ್ಡು ಬರೆಯೋಕೆ ಒಂದೊಂದಕ್ಕೆ ಹತ್ತು ಹದಿನೈದು ನಿಮಿಷ ಬೇಕು. ಬೇರೆಯವರು ಮಾಡಿಟ್ಟ ಕಟ್ಟು ಡೌನ್‌ಲೋಡ್ ಮಾಡಿಕೊಂಡರೆ ಮುಗಿಯಿತು ಅನ್ನಬೇಡಿ, ಅದರಲ್ಲಿ ಬರೀ ಹೆಸರು-ಅರ್ಥವೇ ಇರುತ್ತದೆ.

ಎರಡು ಕಥೆ ಪಕ್ಕಪಕ್ಕ ಇಡುವುದು

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮೇಲು. ಯಾರೂ ಇದನ್ನು ಅಷ್ಟು ಮಾತಾಡುವುದಿಲ್ಲ, ಆ್ಯಪ್ ಇಲ್ಲ ಅಂತಲೋ ಏನೋ.

ಮೊದಲು ಒಂದು ಒಗಟು. ರೋಗಿಯ ಹೊಟ್ಟೆಯಲ್ಲಿ ಗೆಡ್ಡೆ. ಆಪರೇಷನ್ ಮಾಡುವ ಹಾಗಿಲ್ಲ. ಒಂದು ಕಿರಣ ಇದೆ, ಜೋರಾಗಿ ಬಿಟ್ಟರೆ ಗೆಡ್ಡೆ ಸಾಯುತ್ತದೆ, ಆದರೆ ದಾರಿಯಲ್ಲಿರುವ ಒಳ್ಳೆಯ ಮಾಂಸವೂ ಸುಟ್ಟುಹೋಗುತ್ತದೆ. ಮೆಲ್ಲಗೆ ಬಿಟ್ಟರೆ ಎರಡಕ್ಕೂ ಏನೂ ಆಗಲ್ಲ. ಏನು ಮಾಡುತ್ತೀರಿ?

1980ರ ಆಸುಪಾಸಿನಲ್ಲಿ ಮೇರಿ ಗಿಕ್ ಮತ್ತು ಕೀತ್ ಹೋಲಿಯೋಕ್ ಎಂಬಿಬ್ಬರು ಮನಃಶಾಸ್ತ್ರಜ್ಞರು ಈ ಒಗಟನ್ನು ವಿದ್ಯಾರ್ಥಿಗಳಿಗೆ ಕೊಟ್ಟು ನೋಡಿದರು. ಹತ್ತರಲ್ಲಿ ಒಬ್ಬರಿಗೆ ಹೊಳೆಯುತ್ತಿತ್ತು. ಇನ್ನು ಕೆಲವರಿಗೆ ಮೊದಲೇ ಒಂದು ಕಥೆ ಓದಿಸಿದ್ದರು: ಕೋಟೆಗೆ ಹೋಗುವ ದಾರಿಗಳಲ್ಲೆಲ್ಲ ನೆಲಬಾಂಬು, ಇಡೀ ಸೇನೆ ಒಂದೇ ದಾರಿಯಲ್ಲಿ ಹೋದರೆ ಸಿಡಿಯುತ್ತದೆ, ಅದಕ್ಕೆ ಸೇನಾಪತಿ ಸೈನ್ಯವನ್ನು ಸಣ್ಣಸಣ್ಣ ತುಕಡಿ ಮಾಡಿ ಹಲವು ದಾರಿಗಳಿಂದ ಕಳಿಸಿ ಕೋಟೆಯ ಹತ್ತಿರ ಒಟ್ಟು ಸೇರಿಸುತ್ತಾನೆ. ಉತ್ತರ ಅದರಲ್ಲೇ ಇದೆ! ಹಲವು ಕಡೆಯಿಂದ ಮೆಲ್ಲನೆಯ ಕಿರಣ ಬಿಟ್ಟು ಗೆಡ್ಡೆಯ ಮೇಲೆ ಸೇರುವ ಹಾಗೆ ಮಾಡುವುದು. ಆದರೂ ಕಥೆ ಓದಿದವರಲ್ಲಿ ತಾವಾಗಿ ಹೊಳೆಸಿಕೊಂಡವರು ಸುಮಾರು ಮೂರರಲ್ಲಿ ಒಬ್ಬರು. "ಈಗ ಓದಿದ ಕಥೆ ಉಪಯೋಗಕ್ಕೆ ಬರಬಹುದು ನೋಡಿ" ಎಂದು ಬಾಯಿಬಿಟ್ಟು ಹೇಳಿದ ಮೇಲೆ ಮುಕ್ಕಾಲು ಜನಕ್ಕೆ ಬಂತು.

ಅಂದರೆ ಕಥೆ ಅವರ ತಲೆಯಲ್ಲಿತ್ತು. ಕೋಟೆ ಅನ್ನುವ ಡಬ್ಬಿಯಲ್ಲಿತ್ತು, ಗೆಡ್ಡೆಯ ಡಬ್ಬಿ ತೆಗೆದರೆ ಸಿಗಲಿಲ್ಲ. ಕರ್ಣನ ಶಾಪವನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಪ್ರಯೋಗ ನನಗೆ ಗೊತ್ತಿಲ್ಲ.

1983ರಲ್ಲಿ ಅವರೇ ಇನ್ನೊಂದು ಹೆಜ್ಜೆ ಮುಂದೆ ಹೋದರು. ಒಂದರ ಬದಲು ಅದೇ ಹುರುಳಿನ ಎರಡು ಬೇರೆಬೇರೆ ಕಥೆ ಓದಿಸಿ, ಎರಡರಲ್ಲಿ ಒಂದೇ ಥರ ಏನಿದೆ ಬರೆಯಿರಿ ಅಂದರು. ಆಗ ಯಾರೂ ಹೇಳದೆಯೇ ಹೊಳೆಸಿಕೊಂಡವರು ಜಾಸ್ತಿಯಾದರು. ಆಮೇಲೆ 1999ರಲ್ಲಿ ಎಂಬಿಎ ವಿದ್ಯಾರ್ಥಿಗಳ ಮೇಲೆ ಇದೇ ಥರದ ಪ್ರಯೋಗ ನಡೆಯಿತು. ಚೌಕಾಸಿಯ ಒಂದು ಉಪಾಯ ಇರುವ ಎರಡು ಪ್ರಸಂಗಗಳನ್ನು ಹೋಲಿಸಿ ನೋಡಿದವರು, ಅವೇ ಎರಡನ್ನು ಬಿಡಿಬಿಡಿಯಾಗಿ ಓದಿದವರಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು ಆ ಉಪಾಯವನ್ನು ಆಮೇಲೆ ಎದುರುಬದುರು ಕೂತು ಮಾಡಿದ ಅಣಕು ಚೌಕಾಸಿಯಲ್ಲಿ ಬಳಸಿದರು. ಓದಿದ್ದು ಅದೇ, ಪಕ್ಕಪಕ್ಕ ಇಟ್ಟದ್ದೊಂದೇ ವ್ಯತ್ಯಾಸ.

ಮಾಡುವುದು ಹೇಗೆ? ಒಂದು ಹಾಳೆ ಮಧ್ಯಕ್ಕೆ ಗೆರೆ ಎಳೆಯಿರಿ. ಎಡಕ್ಕೆ ಒಂದು ಪ್ರಸಂಗ, ಬಲಕ್ಕೆ ಅದಕ್ಕೆ ಸಂಬಂಧವೇ ಇಲ್ಲದಂತೆ ಕಾಣುವ ಇನ್ನೊಂದು. ಕೆಳಗೆ ಎರಡಕ್ಕೂ ಹೊಂದುವ ಒಂದು ವಾಕ್ಯ, ಅದರಲ್ಲಿ ಬೋರು, ಚೀಟಿ ಅನ್ನುವ ಪದ ಬರಬಾರದು.

ನಾನು ಎಡಕ್ಕೆ ನಮ್ಮ ಬೋರು ಬರೆದೆ. ಬಲಕ್ಕೆ, ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ 40 ನಿಮಿಷ ಕಾದು "ಇಷ್ಟು ಹೊತ್ತು ಕಾದಿದ್ದೀನಿ, ಇನ್ನೇನು ಬಂದುಬಿಡುತ್ತೆ" ಅಂತ ನಿಂತದ್ದು. ಮೇಲ್ನೋಟಕ್ಕೆ ಎರಡೂ ಒಂದೇ, ಆಗಲೇ ಹೋದದ್ದನ್ನು ಹಿಡಿದುಕೊಂಡು ಮುಂದಕ್ಕೆ ಹೋಗುವುದು. ಬರೆಯುತ್ತಾ ಹೋದ ಮೇಲೆ ಗೊತ್ತಾಯಿತು, ಒಂದಲ್ಲ. ಬಸ್ಸಿಗೆ ಒಂದು ವೇಳಾಪಟ್ಟಿ ಇದೆ. ಜಾಸ್ತಿ ಹೊತ್ತು ಕಾದಷ್ಟೂ ಮುಂದಿನ ಬಸ್ಸು ಹತ್ತಿರವಾಗಿರುತ್ತದೆ, ಆದ್ದರಿಂದ ಅಲ್ಲಿ ಕಾದ ಹೊತ್ತು ನಿಜವಾಗಿಯೂ ಒಂದು ಸುಳಿವು. ನಮ್ಮ ಬಯಲುಸೀಮೆಯ ಗಟ್ಟಿ ಬಂಡೆಯಲ್ಲಿ ಹಾಗಲ್ಲ. ನೀರು ಇರುವುದು ಬಂಡೆಯ ಬಿರುಕುಗಳಲ್ಲಿ, ಆಳಕ್ಕೆ ಹೋದಂತೆ ಸಾಮಾನ್ಯವಾಗಿ ಬಿರುಕುಗಳೇ ಕಡಿಮೆಯಾಗುತ್ತವೆ. 600 ಅಡಿ ಒಣಗಿದೆ ಅಂದ ಮಾತ್ರಕ್ಕೆ 700ಕ್ಕೆ ನೀರು ಬಾಕಿ ಕೊಡಬೇಕು ಅಂತ ಭೂಮಿಗೆ ಏನೂ ಇಲ್ಲ. ಸಂಕ್ ಕಾಸ್ಟ್ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಅನ್ನುವುದನ್ನು ಆ ಒಂದು ಹಾಳೆ ಕಲಿಸಿದಷ್ಟು ನನ್ನ ಕಾರ್ಡುಗಳು ಕಲಿಸಲಿಲ್ಲ.

ಇದಕ್ಕೆ ವಾರಕ್ಕೆ ಅರ್ಧ ಗಂಟೆ ಬೇಕು, ತಲೆ ಬಿಸಿಯಾಗುತ್ತದೆ, ಫೋನಿನಲ್ಲಿ ಆಗಲ್ಲ. ಸೋಮಾರಿಗಳಿಗೆ ಒಗ್ಗುವುದಿಲ್ಲ. ನಾನೂ ತಿಂಗಳಿಗೆ ಎರಡು ಮಾಡಿದರೆ ಹೆಚ್ಚು.

ಗಾದೆಗೆ ಗಂಟು ಹಾಕುವುದು

ಇದು ನಮಗೆ ಸುಲಭವಾಗಿ ಸಿಗುವ ದಾರಿ. ಗಾದೆಗಳು ಚಿಕ್ಕಂದಿನಿಂದ ಕಿವಿಗೆ ಬಿದ್ದಿವೆ, ಸಂದರ್ಭ ಬಂದಾಗ ಬಾಯಿಗೆ ತಾವಾಗಿ ಬರುತ್ತವೆ. ಕರ್ಣನ ಶಾಪ ಗಾದೆಗೆ ತಟ್ಟುವುದು ಕಡಿಮೆ. ಹಾಗಿದ್ದ ಮೇಲೆ ಹೊಸ ಮಾಡೆಲ್ಲನ್ನು ಹಳೆ ಗಾದೆಗೆ ಕಟ್ಟಿಬಿಟ್ಟರೆ?

ಹೊಸ ಮ್ಯಾನೇಜರ್ ಬಂದ ತಿಂಗಳೇ ವ್ಯಾಪಾರ ಏರಿತು, ಎಲ್ಲ ಅವರ ಕೈಗುಣ ಅಂತ ಯಾರಾದರೂ ಅಂದಾಗ "ಕಾಗೆ ಕೂರೋಕೂ ಕೊಂಬೆ ಮುರಿಯೋಕೂ ಸರಿಹೋಯ್ತು" ಅನ್ನುವುದು ನೆನಪಾದರೆ, ಜೊತೆಗೆ ನಡೆದದ್ದೆಲ್ಲ ಕಾರಣ ಅಲ್ಲ ಅನ್ನುವ ಮಾಡೆಲ್ ಕೈಗೆ ಬಂದ ಹಾಗೆ. ತನ್ನ ಸೋಲಿಗೆ ಹೊರಗಿನ ಕಾರಣ ಹುಡುಕುವುದಕ್ಕೆ "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಇದೆ. ಸಂಕ್ ಕಾಸ್ಟ್‌ಗೂ ಇದೆ, "ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ". ನಮ್ಮ ಅಜ್ಜಿಗೆ ಅರ್ಥಶಾಸ್ತ್ರ ಗೊತ್ತಿರಲಿಲ್ಲ, ಇದು ಗೊತ್ತಿತ್ತು.

ಆದರೆ ಇಲ್ಲಿ ಮೂರು ಗುಂಡಿ ಇವೆ, ನಾನು ಮೂರರಲ್ಲೂ ಬಿದ್ದಿದ್ದೇನೆ.

ಮೊದಲನೆಯದು, ಗಾದೆ ಮಾಡೆಲ್ಲಿನಷ್ಟು ನಿಖರ ಅಲ್ಲ. "ಹನಿ ಹನಿ ಕೂಡಿದರೆ ಹಳ್ಳ" ಅನ್ನುವುದನ್ನು ಚಕ್ರಬಡ್ಡಿಗೆ ಕಟ್ಟಿದ್ದೆ. ತಪ್ಪು. ಹನಿ ಕೂಡುವುದು ಸಂಕಲನ, ಚಕ್ರಬಡ್ಡಿ ಗುಣಾಕಾರ. 1 ಲಕ್ಷ ರೂಪಾಯಿಯನ್ನು ವರ್ಷಕ್ಕೆ ಶೇ. 12ರಂತೆ 24 ವರ್ಷ ಇಟ್ಟರೆ ಸರಳ ಬಡ್ಡಿಯಲ್ಲಿ 3 ಲಕ್ಷ 88 ಸಾವಿರ ಆಗುತ್ತದೆ, ಚಕ್ರಬಡ್ಡಿಯಲ್ಲಿ 15 ಲಕ್ಷ ದಾಟುತ್ತದೆ. ಹನಿ ಅಂದುಕೊಂಡವನಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಸಾಲ ಮಾಡುವಾಗಲೂ ಕಾಣುವುದಿಲ್ಲ, ಅದು ಇನ್ನೂ ಅಪಾಯ.

ಎರಡನೆಯದು, ಗಾದೆಗಳು ಒಂದಕ್ಕೊಂದು ಹೊಡೆದಾಡುತ್ತವೆ. "ನಾಳೆ ಎಂದವನ ಮನೆ ಹಾಳು" ಅಂತಲೂ ಇದೆ, "ಆತುರಗಾರನಿಗೆ ಬುದ್ಧಿ ಮಟ್ಟ" ಅಂತಲೂ ಇದೆ. ಯಾವುದು ಬೇಕೋ ಅದನ್ನು ಎತ್ತಿಕೊಂಡು ನಾವು ಮಾಡಬೇಕೆಂದಿದ್ದನ್ನೇ ಮಾಡುತ್ತೇವೆ.

ಮೂರನೆಯದು ಸೂಕ್ಷ್ಮ. ಗಾದೆ ನಮ್ಮ ಬಾಯಿಗೆ ಬರುವುದು ಬಹುತೇಕ ಬೇರೆಯವರು ಕೆಟ್ಟ ಮೇಲೆ. ಪಕ್ಕದ ಮನೆಯವನ ಬೋರು ಫೇಲಾದಾಗ "ಗುಡ್ಡ ಅಗೆದು ಇಲಿ ಹಿಡಿದ" ಅಂತ ತಕ್ಷಣ ಹೊಳೆಯುತ್ತದೆ. ನಮ್ಮದೇ ಲಾರಿ ನಿಂತಿರುವಾಗ ಯಾವ ಗಾದೆಯೂ ಬರಲ್ಲ. "ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು" ಅನ್ನುವುದಕ್ಕೂ ಗಾದೆಯೇ ಇದೆಯಲ್ಲ, ಏನು ಹೇಳೋದು!

ಹಾಗಾಗಿ ಗಾದೆಯನ್ನು ಗೂಟ ಅಂತ ಬಳಸಿ, ಹಸುವೇ ಅದು ಅಂದುಕೊಳ್ಳಬೇಡಿ. ಮನೆಯಲ್ಲಿ ಮಕ್ಕಳಿಗೆ, ಇಂಗ್ಲಿಷ್ ಹೆಸರು ಕೇಳಿದರೆ ಮುಖ ಸಿಂಡರಿಸುವ ಹಿರಿಯರಿಗೆ ಮಾಡೆಲ್ ಹೇಳಿಕೊಡಬೇಕಾದರೆ ಮಾತ್ರ ಇದನ್ನು ಮೀರಿದ್ದಿಲ್ಲ.

ಚೆಕ್‌ಲಿಸ್ಟು ಮತ್ತು "ಹೀಗಾದರೆ ಹೀಗೆ"

ಇದರ ದಾರಿಯೇ ಬೇರೆ. ನೆನಪನ್ನೇ ನಂಬುವುದಿಲ್ಲ.

1935ರ ಅಕ್ಟೋಬರಿನಲ್ಲಿ ಅಮೆರಿಕದ ಡೇಟನ್ ಹತ್ತಿರ ಬೋಯಿಂಗ್‌ನ ಹೊಸ ಬಾಂಬರ್ ವಿಮಾನ ಮೇಲೇರಿದ ಕೂಡಲೇ ಬಿದ್ದು ಇಬ್ಬರು ಸತ್ತರು. ಓಡಿಸುತ್ತಿದ್ದವರು ಅನನುಭವಿಗಳಲ್ಲ. ನೆಲದ ಮೇಲೆ ನಿಂತಾಗ ಗಾಳಿಗೆ ಅಲುಗಾಡದಂತೆ ಹಾಕುವ ಲಾಕ್ ಒಂದನ್ನು ತೆಗೆಯುವುದು ಮರೆತಿತ್ತು. ಅದಾದ ಮೇಲೆ ಬಂದದ್ದು ಪೈಲಟ್‌ಗಳ ಚೆಕ್‌ಲಿಸ್ಟು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಆಪರೇಷನ್ ಚೆಕ್‌ಲಿಸ್ಟನ್ನು ಎಂಟು ನಗರಗಳ ಆಸ್ಪತ್ರೆಗಳಲ್ಲಿ ಬಳಸಿ ನೋಡಿದ ವರದಿ ಬಂತು, ಅದರಲ್ಲಿ ದೆಹಲಿಯೂ ಒಂದು. ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿದಿತ್ತು.

ಇದರ ಚಿಕ್ಕ ತಮ್ಮ "ಹೀಗಾದರೆ ಹೀಗೆ". ಪೀಟರ್ ಗೋಲ್ವಿಟ್ಜರ್ ಎಂಬ ಜರ್ಮನ್ ಮನಃಶಾಸ್ತ್ರಜ್ಞ ಇದರ ಮೇಲೆ 1990ರ ದಶಕದಿಂದ ಕೆಲಸ ಮಾಡಿದ್ದಾರೆ. "ಇನ್ನು ಮೇಲೆ ಸಂಕ್ ಕಾಸ್ಟ್ ಬಗ್ಗೆ ಹುಷಾರಾಗಿರ್ತೀನಿ" ಅಂದರೆ ಏನೂ ಆಗಲ್ಲ. "ನನ್ನ ಬಾಯಲ್ಲಿ 'ಇಷ್ಟು ಹಾಕಿದ್ದೀವಲ್ಲ' ಅನ್ನುವ ಮಾತು ಬಂದರೆ, ಅಲ್ಲೇ ನಿಂತು, ಈ ಗುಂಡಿ ಬೇರೆ ಯಾರೋ ಬಿಟ್ಟಿ ಕೊರೆದು ಕೊಟ್ಟದ್ದಾಗಿದ್ದರೆ ಮುಂದಿನ ನೂರಡಿಗೆ ದುಡ್ಡು ಹಾಕ್ತಿದ್ದೆನಾ ಅಂತ ಕೇಳ್ಕೊಳ್ತೀನಿ" ಅಂದರೆ ಆಗುತ್ತದೆ. ಮಾಡೆಲ್ಲನ್ನು ಆದಷ್ಟು ನಿಖರವಾದ ಒಂದು ಮಾತಿಗೋ, ಒಂದು ಜಾಗಕ್ಕೋ, ಒಂದು ವಸ್ತುವಿಗೋ ಕೊಂಡಿ ಹಾಕಬೇಕು.

ದುರ್ಯೋಧನನ ಕಾಯಿಲೆ ಇರುವವರಿಗೆ ಇದೊಂದೇ ದಾರಿ, ಅದೂ ಇನ್ನೊಬ್ಬರ ಕೈಯಲ್ಲಿ ಕಾಗದ ಇದ್ದರೆ. ನಮ್ಮ ಆಸೆಗೆ ನಾವೇ ಕಾವಲು ಕೂರೋಕೆ ಆಗಲ್ಲ.

ಮತ್ತೆ ಮತ್ತೆ ಬರುವ ನಿರ್ಧಾರಕ್ಕೆ ಚೆಕ್‌ಲಿಸ್ಟು ಚೆನ್ನ: ಸಾಲಕ್ಕೆ ಸಹಿ ಹಾಕುವುದು, ಆಳು ನೇಮಕ, ಮನೆ ಬದಲಾಯಿಸುವುದು. ಐದಾರು ಸಾಲಿಗಿಂತ ಜಾಸ್ತಿ ಬೇಡ. ಇಪ್ಪತ್ತು ಸಾಲು ಬರೆದ ನನ್ನ ಮೊದಲ ಪಟ್ಟಿ ಈಗಲೂ ಬೀರುವಿನಲ್ಲಿದೆ, ಒಂದು ಸಲವೂ ಪೂರ್ತಿ ನೋಡಿಲ್ಲ. ಹೊಸ ಸಮಸ್ಯೆ, ಹಿಂದೆಂದೂ ಕಾಣದ್ದು ಬಂದರೆ ಚೆಕ್‌ಲಿಸ್ಟು ಬಾಯಿ ಬಿಡುವುದಿಲ್ಲ. ಅಲ್ಲಿ ಎರಡು ಕಥೆಯ ಹಾಳೆಗಳೇ ಬೇಕು.

ನೋಟ್‌ಬುಕ್ಕು, ಗೆಳೆಯ, ವಾರಕ್ಕೊಂದು

ನಿರ್ಧಾರದ ನೋಟ್‌ಬುಕ್ಕು ಅಂದರೆ, ಏನು ನಿರ್ಧಾರ, ಯಾಕೆ, ಏನಾಗುತ್ತದೆ ಅಂದುಕೊಂಡಿದ್ದೀರಿ, ಎಷ್ಟು ನಂಬಿಕೆ, ಇಷ್ಟನ್ನು ತಾರೀಖು ಹಾಕಿ ಬರೆದಿಟ್ಟು ಆರು ತಿಂಗಳಾದ ಮೇಲೆ ನೋಡುವುದು. ಹೊಸ ಮಾಡೆಲ್ ಇದು ಕಲಿಸುವುದಿಲ್ಲ, ನಿಮಗೆ ಯಾವ ಮಾಡೆಲ್ ತುರ್ತಾಗಿ ಬೇಕು ಅಂತ ತೋರಿಸುತ್ತದೆ. ನನ್ನದನ್ನು ತಿರುವಿದಾಗ ಅರ್ಧಕ್ಕಿಂತ ಜಾಸ್ತಿ ಕಡೆ ತಪ್ಪಿದ್ದು ಸಮಯದ ಅಂದಾಜು. ಮನೆಗೆ ಪೇಂಟ್ ಹೊಡೆಸೋಕೆ "ಒಂದು ವಾರ" ಅಂತ ಬರೆದಿದ್ದೆ, ಐದು ವಾರ ಹಿಡಿಯಿತು. ಅಲ್ಲಿಯವರೆಗೆ ನನಗೆ ದೊಡ್ಡ ದೊಡ್ಡ ಮಾಡೆಲ್‌ಗಳ ಹುಚ್ಚು, ಬೇಕಾಗಿದ್ದದ್ದು ಇಷ್ಟೇ: ಹಿಂದಿನ ಸಲ ಎಷ್ಟು ದಿನ ಆಗಿತ್ತು ಅಂತ ಕೇಳಿಕೊಳ್ಳುವುದು. ಆದರೆ ಫಲ ಸಿಗೋಕೆ ತಿಂಗಳುಗಟ್ಟಲೆ ಬೇಕು, ಬಹಳ ಜನ ಮೂರನೇ ವಾರಕ್ಕೆ ಬಿಟ್ಟುಬಿಡುತ್ತಾರೆ.

ಗೆಳೆಯರಿಗೆ ವಿವರಿಸುವುದು ಒಳ್ಳೆಯದು, ಪುಕ್ಕಟೆ, ಟೀ ಖರ್ಚು ಮಾತ್ರ. ಮಾಡೆಲ್ಲಿನ ಹೆಸರು ಬಳಸದೆ ವಿವರಿಸಿ ನೋಡಿ, ಎಲ್ಲಿ ತೊದಲುತ್ತೀರೋ ಅಲ್ಲಿ ಅರ್ಥವಾಗಿಲ್ಲ. ಎಲ್ಲ ಮಾತಿಗೂ ಮಾಡೆಲ್ ಹೆಸರು ತುರುಕುವ ಚಟ ಮಾತ್ರ ಹತ್ತಿಸಿಕೊಳ್ಳಬೇಡಿ, ಮನೆಯವರು ಎದ್ದು ಹೋಗುತ್ತಾರೆ.

ವಾರಕ್ಕೊಂದು ಮಾಡೆಲ್ ಹಿಡಿದು ಎಲ್ಲ ಕಡೆ ಅದನ್ನೇ ಹುಡುಕುವುದು ಹೊಸಬರಿಗೆ ಮಜಾ. ವಾರ ಮುಗಿದ ಮೇಲೆ ಕಾರ್ಡಿಗೆ ಹಾಕದಿದ್ದರೆ ನೀರಲ್ಲಿ ಹೋಮ ಮಾಡಿದ ಹಾಗೆ.

ಹಾಗಾದರೆ ಯಾರಿಗೆ ಯಾವುದು?

ಪರೀಕ್ಷೆಗೆ ಓದುವವರು, ಅಂದರೆ ಕೇಳಿದರೆ ಹೇಳಬೇಕಾದವರು, ಕಾರ್ಡು ಹಿಡಿಯಿರಿ, ಬೇರೆ ಯೋಚನೆ ಬೇಡ. ಅಂಗಡಿ, ತೋಟ, ಸಣ್ಣ ಉದ್ಯಮ ನಡೆಸುವವರಿಗೆ ಓದೋಕೆ ಹೊತ್ತಿಲ್ಲ, ಅದೇ ನಿರ್ಧಾರ ಮತ್ತೆ ಮತ್ತೆ ಬರುತ್ತದೆ. ಐದು ಸಾಲಿನ ಚೆಕ್‌ಲಿಸ್ಟು ಬರೆದು ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ದಿನಾ ಹೊಸ ಥರದ ಸಮಸ್ಯೆ ನೋಡುವವರಿಗೆ, ವಕೀಲರು, ಸಾಫ್ಟ್‌ವೇರಿನವರು, ಮೇಷ್ಟ್ರುಗಳು, ಇವರಿಗೆಲ್ಲ ಎರಡು ಕಥೆಯ ಹಾಳೆ. ಜೊತೆಗೆ ಸಂದರ್ಭದ ಕಾರ್ಡು ಇದ್ದರೆ ಇನ್ನೂ ಒಳ್ಳೆಯದು, ಹಾಳೆಯಲ್ಲಿ ಬರೆದ ಪ್ರಸಂಗಗಳೇ ಕಾರ್ಡಾಗುತ್ತವೆ, ಎರಡು ಕೆಲಸ ಒಂದರಲ್ಲಿ ಮುಗಿಯಿತು. ತಮ್ಮ ಕಾಯಿಲೆ ಯಾವುದು ಅಂತಲೇ ಗೊತ್ತಿಲ್ಲದವರು ನೋಟ್‌ಬುಕ್ಕಿನಿಂದ ಶುರು ಮಾಡಿ.

ಎಷ್ಟು ಮಾಡೆಲ್? ನೂರು ಬೇಡ. ನಾನು ಈಗ 12 ಇಟ್ಟುಕೊಂಡಿದ್ದೇನೆ, ಅದರಲ್ಲಿ ನಿಜವಾಗಿ ತಾನಾಗಿ ಹೊಳೆಯುವುದು ನಾಲ್ಕೋ ಐದೋ. ಮುಂಚೆ 60 ಇಟ್ಟುಕೊಂಡಿದ್ದೆ, ಒಂದೂ ಹೊಳೆಯುತ್ತಿರಲಿಲ್ಲ.

ಹೋದ ವರ್ಷ ಮತ್ತೆ ಬೋರ್ ಹಾಕಿಸಬೇಕಾಯಿತು. ಈ ಸಲ ಲಾರಿ ಬರುವ ಹಿಂದಿನ ರಾತ್ರಿ, ಕಂಪ್ರೆಸರ್ ಸದ್ದು ಇಲ್ಲದಿರುವಾಗ, ಅಪ್ಪನೂ ನಾನೂ ಭಾವನೂ ಕೂತು ಒಂದು ಚೀಟಿಯಲ್ಲಿ "500" ಅಂತ ಬರೆದೆವು. ಚೀಟಿ ಅಪ್ಪನ ಜೇಬಿನಲ್ಲಿ, ನನ್ನ ಹತ್ತಿರ ಅಲ್ಲ. 500ಕ್ಕೆ ಬಂದಾಗ ಏಜೆಂಟು, "ಯಜಮಾನ್ರೇ, ಇನ್ನೆರಡು ರಾಡು ಇಳಿಸಿ ನೋಡೋಣ, ಪಾಯಿಂಟು ಚೆನ್ನಾಗಿದೆ" ಅಂದ. ನನ್ನ ಬಾಯಲ್ಲಿ "ಇಷ್ಟು ಹಾಕಿ..." ಅನ್ನುವವರೆಗೆ ಬಂದಿತ್ತು. ಅಪ್ಪ ಮಾತಾಡಲಿಲ್ಲ, ಜೇಬಿನಿಂದ ಚೀಟಿ ತೆಗೆದು ಅವನ ಮುಂದೆ ಹಿಡಿದರು. ಲಾರಿ ಹೋಯಿತು. ಉಳಿದ ದುಡ್ಡಿಗೆ ಸ್ವಲ್ಪ ಸೇರಿಸಿ ಕೃಷಿ ಹೊಂಡ ತೆಗೆಸಿದೆವು, ಮಳೆಗಾಲದಲ್ಲಿ ಅರ್ಧ ತುಂಬಿತು. ಪಕ್ಕದ ತೋಟದವರು ಸಿಕ್ಕಾಗಲೆಲ್ಲ ಈಗಲೂ ಅನ್ನುತ್ತಾರೆ, "ಇನ್ನೆರಡು ರಾಡು ಬಿಟ್ಟಿದ್ರೆ ನೀರು ಬಂದಿರೋದು ಕಣಪ್ಪ." ಬರ್ತಿತ್ತೋ ಏನೋ.